ಪಾಚಿಯ ಸಾಕ್ಷಿ

ಧ್ರುವದ ಕಡಲತಳದ ಕೆಸರಿನಲ್ಲಿ ಮಂಜುಗಡ್ಡೆಗೆ ಅಂಟಿ ಬೆಳೆಯುವ ಪಾಚಿಯ ಕೊಬ್ಬು ಸಿಕ್ಕರೆ, ಒಂದು ಕಾಲಕ್ಕೆ ಅಲ್ಲಿ ಕಡಲು ಹೆಪ್ಪುಗಟ್ಟಿತ್ತು ಎಂದರ್ಥ. ಅಂಥ ಕೊಬ್ಬು ಸಿಕ್ಕಿತೆಂದು ಬರೆದೇ ಮೇಷ್ಟ್ರು ಹೆಸರು ಮಾಡಿದ್ದು. ಅದೇ ಕೆಸರನ್ನು ಶಿಷ್ಯೆ ಮತ್ತೆ ಮತ್ತೆ ಪರೀಕ್ಷಿಸಿದರೂ ಕೊಬ್ಬಿನ ಸುಳಿವೇ ಇಲ್ಲ.

“ಬಾಟಲಿ ತೊಳೆಯೋಕೂ ಬರಲ್ವೇನಮ್ಮ ನಿಂಗೆ? ಮನೇಲಿ ಒಂದು ಲೋಟನಾದ್ರೂ ತೊಳ್ದಿದ್ದೀಯಾ?”

“ಕೈ ಸುಲಿಯೋ ಹಾಗೆ ತೊಳ್ದಿದ್ದೀನಿ ಸರ್. ಕೆಸರಲ್ಲೇ ಇಲ್ಲ.”

“ಹಾಗಾದ್ರೆ ನಾನು ಬರೆದಿದ್ದು ಸುಳ್ಳಾ? ಕೊಬ್ಬು ಸಿಗೋವರೆಗೂ ನಿನ್ನ ಥೀಸಿಸ್‌ಗೆ ನನ್ನ ಸಹಿ ಬೀಳಲ್ಲ.”

ಆ ಕೆಸರನ್ನೇ ಅವರ ಮುಖಕ್ಕೆ ಎರಚಿಬಿಡೋಣ ಅನ್ನಿಸಿತು ಅವಳಿಗೆ. ಬಾಟಲಿಗಳನ್ನು ಅವರತ್ತ ಸರಿಸಿದಳು. ಮೇಷ್ಟ್ರು ಅಂಗಿಯ ತೋಳು ಮಡಚಿ ತಾವೇ ಬಾಟಲಿಗಳನ್ನು ತೊಳೆದರು, ತಾವೇ ದ್ರಾವಣ ಸುರಿದರು, ಕೊಬ್ಬು ಪತ್ತೆಹಚ್ಚುವ ಯಂತ್ರದೊಳಗೆ ಸಾಲಾಗಿ ತಾವೇ ಇಟ್ಟರು. ಮೊದಲ ಬಾಟಲಿಗೇ ಪರದೆಯ ಮೇಲಿನ ಗೆರೆ ಗೋಪುರದಂತೆ ಎದ್ದು ನಿಂತಿತು.

“ನೋಡಿಲ್ಲಿ, ಕೊಬ್ಬು! ಕೈಗುಣ ಅಂದ್ರೆ ಇದು ಕಣಮ್ಮ. ಈಗೇನಂತೀಯ?”

“ಅದು ತೊಳೆದಿದ್ದು ಸರಿಯಿದ್ಯಾ ಅಂತ ನೋಡೋಕೆ ಇಡೋ ಖಾಲಿ ಬಾಟಲಿ ಸರ್. ಕೆಸರಿನ ಸರದಿ ಇನ್ನೂ ಬಂದೇ ಇಲ್ಲ.”