ಮೂರನೇ ಗೇಟಿನ ದೂರು

ಬೆಳಿಗ್ಗೆ 8 ಗಂಟೆ 10 ನಿಮಿಷ. ಮೂರನೇ ಗೇಟು ಟಿಕೆಟ್ ಇಲ್ಲದ ಮುದುಕಿಯನ್ನು ಒಳಗೆ ಬಿಟ್ಟು, ಟಿಕೆಟ್ ಇದ್ದ ಹುಕ್ಕೇರಿಯ ವಕೀಲರನ್ನು ಹೊರಗೆ ನಿಲ್ಲಿಸಿತು.

ಆ ವಾರ ಇದು ಹದಿನೇಳನೆಯ ಸಲ.

ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯವರು ದೂರದ ರೈಲು ಹತ್ತುವ ಆ ಸ್ಟೇಷನ್ನಿಗೆ ಹೊಸ ಗೇಟುಗಳು ಬಂದು ತಿಂಗಳಾಗಿತ್ತು. ಟಿಕೆಟ್ ತೋರಿಸಿದರೆ ಎರಡು ರೆಕ್ಕೆ ತೆರೆಯುತ್ತವೆ. ಒಬ್ಬರು ದಾಟಿದೊಡನೆ ಮುಚ್ಚುತ್ತವೆ. ಯಂತ್ರ ಮಾಡಿದವರು ಎಲ್ಲವನ್ನೂ ಯೋಚಿಸಿದ್ದರು, ಇಲ್ಲಿಯವರ ಮರ್ಯಾದೆಯೊಂದನ್ನು ಬಿಟ್ಟು. ಟಿಕೆಟ್ ತೋರಿಸುತ್ತಾರೆ, ರೆಕ್ಕೆ ತೆರೆಯುತ್ತದೆ, ಹಿಂದೆ ಬಿಳಿಕೂದಲು ಕಾಣುತ್ತದೆ, 'ನೀವ ಮೊದಲ ನಡೀರಿ' ಎಂದು ಪಕ್ಕಕ್ಕೆ ಸರಿಯುತ್ತಾರೆ. ಬಿಳಿಕೂದಲು ಒಳಗೆ, ಟಿಕೆಟ್ಟು ಹೊರಗೆ.

ಗೇಟು ಕಾಯುವ ಮಹಾಂತೇಶ ತನ್ನ ಕಾರ್ಡು ಒತ್ತಿ ವಕೀಲರನ್ನು ಒಳಗೆ ಬಿಟ್ಟ. ಕೈಮುಗಿದ. ವಕೀಲರು ಗೊಣಗಿದರು, ದೂರು ಬರೆಯಲಿಲ್ಲ. ಅಷ್ಟು ಸಾಕಿತ್ತು.

ಅವನಿಗೆ ಅಂದು ಹತ್ತು ಗಂಟೆಯಿಂದ ರಜೆ. ಹನ್ನೊಂದಕ್ಕೆ ಮೂಡಲಗಿಯಲ್ಲಿ ಹೆಣ್ಣು ನೋಡುವುದಿತ್ತು. ಹಿಂದಿನ ಎರಡು ಸಂಬಂಧ ರಜೆ ಸಿಗದೆ ತಪ್ಪಿದ್ದವು. ವಯಸ್ಸು ಮೂವತ್ತೊಂದು. ಈ ಹುಡುಗಿಯ ಹೆಸರು ದಾಕ್ಷಾಯಿಣಿ ಎಂಬುದಷ್ಟೇ ಗೊತ್ತು. ಫೋಟೊ ಕೇಳಿದ್ದಕ್ಕೆ, 'ಫೋಟೊದಾಗ ಏನ ತಿಳೀತೈತಿ, ಕಣ್ಣಾರೆ ನೋಡೂದ ಬೇರೆ' ಎಂದು ಅವರ ಮನೆಯವರು ಹೇಳಿ ಕಳಿಸಿದ್ದರು. ಸ್ಟೇಷನ್ ಮಾಸ್ತರ ಗುರುಪಾದ ರಜೆಗೆ ಒಂದೇ ಶರತ್ತು ಹಾಕಿದ್ದರು: "ಇವತ್ತ ದೂರಿನ ಪುಸ್ತಕದಾಗ ಒಂದ ಸಾಲ ಬಿದ್ರೂ ರಜಾ ಇಲ್ಲ, ತಿಳೀತಿಲ್ಲ?"

ಅವನು ಮುದುಕಿಯತ್ತ ತಿರುಗಿದ. "ಆಯಿ, ಟಿಕೆಟ್ ಎಲ್ಲೈತ್ರಿ?"

"ಆ ಕರೀ ಕೋಟಿನಾವ ತೋರಿಸಿದ್ನಲ್ಲೋ."

"ಅದು ಅವರದ್ರಿ."

"ಮತ್ತ ನಡೀರಿ ಅಂದಾ?"

ಸರದಿಯಲ್ಲಿದ್ದವರು ನಕ್ಕರು. ಮಹಾಂತೇಶ ಅವಳನ್ನು ಹೊರಗೆ ಕರೆತಂದ. "ಯಾರನ್ನ ಕಳಿಸಾಕ ಬಂದೀರಿ?"

"ಯಾರನ್ನೂ ಇಲ್ಲ. ನೋಡಾಕ ಬಂದೇನಿ."

ಹೊಸದೇನಲ್ಲ. ಹಿಂದಿನ ಭಾನುವಾರ ಮೇಲವಂಕಿಯಿಂದ ಒಂದು ಟೆಂಪೊ ತುಂಬ ಜನ ಗೇಟು ನೋಡಲೆಂದೇ ಬಂದಿದ್ದರು. ಅವನು ಕೌಂಟರಿಗೆ ಓಡಿ ಅವಳಿಗೊಂದು ಪ್ಲಾಟ್‌ಫಾರಂ ಟಿಕೆಟ್ ತಂದುಕೊಟ್ಟ.

"ಏನ ಬರದಾರ ಇದರಾಗ? ಓದು."

ಇರುವೆಯಂಥ ಅಕ್ಷರ. ಕೊನೆಯ ನಿಬಂಧನೆಯವರೆಗೂ ಓದಿದ.

"ಬಾಯಾಗಿಂದ ಉಗುಳಿ ಬಂದ ಓದು."

"ಬಾಯಾಗ ಏನೂ ಇಲ್ರಿ."

"ತಗಿ, ನೋಡೂನು."

ಇಪ್ಪತ್ತು ಜನರೆದುರು ಅವನು ಬಾಯಿ ತೆರೆದ. ಗುಟ್ಕಾ ಇರಲಿಲ್ಲ. ಅವಳು ತನ್ನ ಕಾಲ ಬಳಿ ಇಟ್ಟಿದ್ದ ಗಂಟಿನತ್ತ ಬೆರಳು ತೋರಿದಳು. ಅದರಲ್ಲಿ ಹತ್ತು ಕಿಲೋ ಜೋಳವಾದರೂ ಇತ್ತು. ಒಂದೇ ಕೈಯಲ್ಲಿ ಎತ್ತಿದ.

"ಯಾರ ಮಗ ನೀ?"

"ಸಂಕೇಶ್ವರದ ಸತ್ಯಪ್ಪಾರ ಮಗಾರಿ. ಮಹಾಂತೇಶ." ಹೇಳಿದ ಮೇಲೆ ತಪ್ಪು ತಿಳಿಯಿತು. ಈ ಕಡೆ ಅಪ್ಪನ ಹೆಸರು ಕೇಳಿದರೆಂದರೆ ಮುಂದಿನದು ದೂರೇ. "ಆಯಿ, ಇವತ್ತೊಂದ ದಿನ ನನ್ನ ಹೆಸರ ಬರಸಬ್ಯಾಡ್ರಿ. ಹೆಣ್ಣ ನೋಡಾಕ ಹೊಂಟೇನಿ."

"ಈ ಮಾರಿ ತಗೊಂಡ?" ಎಂದಳು ಮುದುಕಿ, ಅವನ ಮುಖ ನೋಡಿ.

8 ಗಂಟೆ 40 ನಿಮಿಷ. ಮುಖಕ್ಕೆ ದುಪಟ್ಟಾ ಸುತ್ತಿಕೊಂಡ ಹುಡುಗಿಯೊಬ್ಬಳು ಮುಂದೆ ಬಂದಳು. ಟಿಕೆಟ್ ತೋರಿಸಿದಳು. ರೆಕ್ಕೆ ತೆರೆಯಿತು. ಹುಡುಗಿ ಹಿಂದಕ್ಕೆ ನೋಡಿದಳು. ಸರದಿಯಲ್ಲಿ ಅವಳ ಬೆನ್ನಿಗೆ ಅದೇ ಮುದುಕಿ ನಿಂತಿದ್ದಳು.

"ಬ್ಯಾಡ್ರಿ!" ಎಂದ ಮಹಾಂತೇಶ.

"ನೀವ ಮೊದಲ ನಡೀರಿ," ಎಂದಳು ಹುಡುಗಿ.

ಮುದುಕಿ ದಾಟಿದಳು. ತನ್ನ ಟಿಕೆಟ್ಟನ್ನು ಸೆರಗಿನಲ್ಲಿ ಕಟ್ಟಿಕೊಂಡು ತಿರುಗಿಯೂ ನೋಡದೆ ಹೋದಳು. ರೆಕ್ಕೆಗಳು ಹುಡುಗಿಯ ಮೂಗಿನ ಮುಂದೆ ಮುಚ್ಚಿಕೊಂಡವು.

"ಇದಕ್ಕ ಯಾರ ಜವಾಬ್ದಾರಿ?"

ಅವನಿಗೆ ಕೂಗಾಡಬೇಕೆನಿಸಿತು. ಕೂಗಾಡಲಿಲ್ಲ. "ನಿಮ್ಮ ತಪ್ಪಲ್ರಿ. ದೊಡ್ಡವರಿಗೆ ದಾರಿ ಬಿಟ್ರಿ. ಅದನ್ನ ಈ ಯಂತ್ರಕ್ಕ ಯಾರೂ ಕಲಿಸಿಲ್ಲ." ಕಾರ್ಡು ಒತ್ತಿದ. ರೆಕ್ಕೆ ತೆರೆಯಿತು.

ಹುಡುಗಿ ಕದಲಲಿಲ್ಲ. "ದೂರಿನ ಪುಸ್ತಕ ಕೊಡ್ರಿ."

"ಅಕ್ಕಾರ, ದಯಮಾಡಿ..."

"ಯಾರ ಅಕ್ಕ? ಪುಸ್ತಕ ಕೊಡ್ರಿ."

ಗುರುಪಾದ ಪುಸ್ತಕ ತಂದರು. ಅವಳು ನಿಂತಲ್ಲೇ ಎರಡು ಸಾಲು ಬರೆದಳು, ಮುಚ್ಚಿದಳು, ಕೈಗಿತ್ತು ಒಳಗೆ ಹೋದಳು. ಅಷ್ಟರಲ್ಲಿ 8.55ರ ರೈಲಿನ ಗಂಟೆ ಬಾರಿಸಿತು. ಗುರುಪಾದ ಓದಲಿಲ್ಲ. ಪುಸ್ತಕವನ್ನು ಖಾನೆಯಲ್ಲಿಟ್ಟು ಕೀಲಿ ಹಾಕಿದರು.

"ಬಿತ್ತಲ್ಲ ಸಾಲು? ರಜಾ ಇಲ್ಲ. ಗೇಟಿಗೆ ನಡಿ."

ಹತ್ತು ಗಂಟೆಗೆ ಮಹಾಂತೇಶ ಮೂಡಲಗಿಗೆ ಫೋನು ಮಾಡಿದ. ಹುಡುಗಿಯ ತಂದೆ ಬಸವಲಿಂಗ ಎತ್ತಿಕೊಂಡರು.

"ಕಾಕಾ, ಇವತ್ತ ಬರಾಕ ಆಗೂದಿಲ್ರಿ. ರಜಾ ತಗದ್ರು. ಬರೂ ಐತವಾರ ಖರೇನ ಬರ್ತೇನ್ರಿ."

ಆ ಕಡೆ ಯಾರ ಜೊತೆಯೋ ಮಾತಾಡಿದ ಸದ್ದು. ಆಮೇಲೆ: "ಇರ್ಲಿ ಬಿಡ್ರಿ. ಇನ್ನ ನೀವು ಹೆಣ್ಣ ನೋಡಾಕ ಬರೂ ಜರೂರ ಇಲ್ಲ."

ಮೂರನೆಯದೂ ಹೋಯಿತು. ಮಹಾಂತೇಶ ಫೋನು ಜೇಬಿಗಿಳಿಸಿ ಗೇಟಿನ ರೆಕ್ಕೆಗೆ ಮೊಣಕಾಲಿನಿಂದ ಒಂದು ಗುದ್ದು ಕೊಟ್ಟ. ಟಿಕೆಟ್ ತೋರಿಸಿ ಎಂದಿತು ಅದು.

ಸಂಜೆ ನಾಲ್ಕಕ್ಕೆ, ಮೇಲಿನ ಕಚೇರಿಗೆ ದೂರಿನ ನಕಲು ಕಳಿಸಲೆಂದು ಗುರುಪಾದ ಖಾನೆ ತೆರೆದರು. ಪುಸ್ತಕ ಬಿಚ್ಚಿ ಕನ್ನಡಕ ಏರಿಸಿದರು. ಒಮ್ಮೆ ಓದಿದರು. ಕನ್ನಡಕ ಒರೆಸಿ ಇನ್ನೊಮ್ಮೆ ಓದಿದರು. ಆಮೇಲೆ ಮಹಾಂತೇಶನನ್ನು ಕರೆದು ಪುಸ್ತಕವನ್ನು ಅವನ ಕಡೆ ತಿರುಗಿಸಿದರು.

'ಮೂರನೇ ಗೇಟು ಸರಿಯಿಲ್ಲ, ಬದಲಿಸಬೇಕು. ಗೇಟು ಕಾಯುವವರು ಸರಿಯಿದ್ದಾರೆ, ನಮ್ಮ ಆಯಿಯೂ ಒಪ್ಪಿದ್ದಾಳೆ. — ದಾಕ್ಷಾಯಿಣಿ, ಮೂಡಲಗಿ.'