ಉಬ್ಬಿದ ಬ್ಯಾಟರಿ

“ಸರ್, ಈ ಬ್ಯಾಟರಿ ಒಂದೀಟ ಉಬ್ಬಿದಂಗ ಕಾಣತೈತಲ್ರೀ?”

ಕೇಳಿದವಳು ದುರ್ಗಾ, ಒಂಬತ್ತನೆಯ ತರಗತಿಯ ಹುಡುಗಿ. ತಾಯಿ ಅನ್ನಪೂರ್ಣಾಳ ಜೊತೆ ಕಟಕೋಳದಿಂದ ಎರಡು ಬಸ್ಸು ಬದಲಿಸಿ ಬೈಲಹೊಂಗಲಕ್ಕೆ ಬಂದಿದ್ದಳು. ನಿಂಗರಾಜ ಮಾರಲಿಟ್ಟಿದ್ದ ರಿಮೋಟ್ ಕಾರನ್ನು ಅವನ ಮನೆಯ ಕಟ್ಟೆಯ ಮೇಲಿಟ್ಟುಕೊಂಡು, ಎತ್ತು ಕೊಳ್ಳುವವರು ಹಲ್ಲು ನೋಡುವಂತೆ ಒಂದೊಂದು ಗಾಲಿಯನ್ನೂ ತಿರುವಿ ನೋಡುತ್ತಿದ್ದಳು. ಅದು ಆಟಿಕೆ ಅಂಗಡಿಯ ಕಾರಲ್ಲ; ಮುರಿದ ಭಾಗವನ್ನು ಬಿಚ್ಚಿ ಹೊಸದು ಕೂಡಿಸಬಹುದಾದ, ನೆಟ್ಟಗೆ ಬಿಟ್ಟರೆ ಬೈಕಿಗೂ ಸಮ ಓಡುವ ಕಾರು. ಹೊಸದು ಕೊಳ್ಳುವ ತಾಕತ್ತು ಬ್ಲೌಸ್ ಹೊಲಿಯುವ ಅನ್ನಪೂರ್ಣಾಳಿಗಿರಲಿಲ್ಲ. ಐದು ಸಾವಿರದೊಳಗೆ ಸಿಗಬಹುದಾದದ್ದು ಇದೊಂದೇ ಎಂದು ಮಗಳು ಫೋನಿನಲ್ಲಿ ಹುಡುಕಿ ಹುಡುಕಿ ಹೇಳಿದ್ದಳು.

ಬ್ಯಾಟರಿ ಉಬ್ಬಿದ್ದು ನಿಂಗರಾಜನಿಗೆ ಗೊತ್ತಿತ್ತು. ಪಾಲಿಟೆಕ್ನಿಕ್ಕಿನಲ್ಲಿ ಎಲೆಕ್ಟ್ರಾನಿಕ್ಸ್ ಕಲಿಸುವವನಿಗೆ ಅಷ್ಟೂ ಗೊತ್ತಿರದೆ ಏನು? ಹಿಂದಿನ ದಿನ ತಾನೇ ಅದಕ್ಕೆ ಕರಿ ಟೇಪನ್ನು ಬಿಗಿಯಾಗಿ ಎರಡು ಸುತ್ತು ಸುತ್ತಿದ್ದ. ಹುಡುಗಿಯ ಮುಖ ನೋಡದೆ, “ಏ, ಅದರ ಆಕಾರನ ಹಂಗ ಐತೆವಾ” ಎಂದುಬಿಟ್ಟ.

“ಹೌದೇನ್ರಿ?” ಎಂದಳು ದುರ್ಗಾ. ಅಷ್ಟೇ. ಸರ್ ಹೇಳಿದ ಮೇಲೆ ಮುಗಿಯಿತು. ಅನ್ನಪೂರ್ಣಾ ಹಣ ಎಣಿಸಿ ಕೊಟ್ಟಳು, ತಾಯಿ ಮಗಳು ಕಾರು ಒಯ್ದರು.

ಮರುದಿನ ಕಟಕೋಳದಿಂದ ಫೋನ್ ಬಂತು. ಎತ್ತಲಿಲ್ಲ. ಸಂಜೆ ಮತ್ತೆ ಬಂತು. ಫೋನನ್ನು ಬೋರಲು ಹಾಕಿದ. ತಕರಾರು ಹೇಳಲಿಕ್ಕೇ ಮಾಡುತ್ತಿದ್ದಾರೆ, ಎರಡು ದಿನ ಬಿಟ್ಟರೆ ತಾವೇ ಸುಮ್ಮನಾಗುತ್ತಾರೆ ಎಂದುಕೊಂಡ. ಐದನೆಯ ದಿನ, ಇಂಥ ಕಾರುಗಳ ಹುಚ್ಚಿರುವವರ ವಾಟ್ಸಾಪ್ ಗುಂಪಿನಲ್ಲಿ ಯಾರೋ ಒಂದು ಫೋಟೊ ಹಾಕಿದರು. ಚಾರ್ಜಿಗಿಟ್ಟ ಬ್ಯಾಟರಿ ಹೊತ್ತಿಕೊಂಡು ಸುಟ್ಟ ಮಂಚ, ಮೇಲೆ ಕರಕಲಾದ ಗೋಡೆ. ಯಾರ ಮನೆಯೆಂದು ಬರೆದಿರಲಿಲ್ಲ. ನಿಂಗರಾಜ ಮುರಿದ ರೊಟ್ಟಿಯನ್ನು ತಟ್ಟೆಯಲ್ಲೇ ಬಿಟ್ಟು ಎದ್ದ. ಕಟಕೋಳಕ್ಕೆ ಫೋನ್ ಹಚ್ಚಿದರೆ ಸ್ವಿಚ್ ಆಫ್. ತನ್ನ ಹೊಸ ಕಾರಿಗೆಂದು ತರಿಸಿದ್ದ ಬ್ಯಾಟರಿಯನ್ನು ಕಿಸೆಗೆ ಹಾಕಿಕೊಂಡು, ಹೆಂಡತಿ ಎಲ್ಲಿಗೆಂದು ಕೇಳುವುದರೊಳಗೆ ಬೈಕ್ ಹತ್ತಿದ. ಯರಗಟ್ಟಿ ದಾಟುವಾಗ ಬಿಸಿಲು ನೆತ್ತಿಯ ಮೇಲಿತ್ತು. ದಾರಿಯುದ್ದಕ್ಕೂ ಅವನ ಕಣ್ಣ ಮುಂದೆ ಆ ಮಂಚ.

ಕಟಕೋಳದಲ್ಲಿ ಬ್ಲೌಸ್ ಹೊಲಿಯುವ ಅನ್ನಪೂರ್ಣಾಳ ಮನೆ ಕೇಳಿಕೊಂಡು ಹೋದರೆ, ಮನೆ ಮನೆಯ ಹಾಗೇ ಇತ್ತು. ಹೊಲಿಗೆ ಯಂತ್ರದ ಸದ್ದು ಹೊರಗೇ ಕೇಳುತ್ತಿತ್ತು. “ಅವ್ವಾ, ಸರ್ ಬಂದಾರ!” ಎಂದು ದುರ್ಗಾ ಒಳಗಿನಿಂದ ಓಡಿ ಬಂದಳು.

“ಬರ್ರಿ, ಕುಂಡ್ರಿ,” ಅನ್ನಪೂರ್ಣಾ ಯಂತ್ರ ನಿಲ್ಲಿಸಿ ಎದ್ದಳು. “ಫೋನ್ ನೆಲಕ್ಕ ಬಿದ್ದ ಕೆಟ್ಟೇತ್ರಿ. ಚಾ ಮಾಡತೇನಿ.”

“ಬ್ಯಾಟರಿ ಎಲ್ಲೈತಿ?” ನಿಂಗರಾಜ ನಿಂತುಕೊಂಡೇ ಕೇಳಿದ.

ಹುಡುಗಿ ಅವನನ್ನು ಹಿತ್ತಲಿಗೆ ಕರೆದೊಯ್ದಳು. ಮನೆಯಿಂದ ದೂರ, ಬೇಲಿಯ ಪಕ್ಕದಲ್ಲಿ ಉಸುಕು ತುಂಬಿದ ಒಡಕು ಗಡಿಗೆಯೊಳಗೆ ಅದನ್ನು ಹುಗಿದಿಟ್ಟಿದ್ದಳು. “ಮನಿಗೆ ಬಂದ ಕೂಡ್ಲೆ ಟೇಪ್ ಬಿಚ್ಚಿ ನೋಡಿದೆ ಸರ್. ಭಾಳ ಉಬ್ಬಿತ್ರಿ. ಚಾರ್ಜ್ ಹಚ್ಚಲೇ ಇಲ್ಲ. ಟೇಪಿನೊಳಗ ಇತ್ತಲ್ರಿ, ನಿಮಗೂ ಗೊತ್ತಾಗಿಲ್ಲ. ಅದಕ್ಕ ಫೋನ್ ಮಾಡಿದ್ನಿ.”

“ಅದಕ್ಕಂದ್ರ?”

“ನಿಮ್ಮ ಮನ್ಯಾಗ ಇಂಥಾದ್ದ ಇನ್ನೊಂದು ಇದ್ರ ಚಾರ್ಜ್ ಹಚ್ಚಬ್ಯಾಡ್ರಿ ಅಂತ ಹೇಳಬೇಕಿತ್ತು. ಅವತ್ತ ತೊಟ್ಟಿಲದಾಗ ಸಣ್ಣ ಕೂಸು ನೋಡಿದ್ನಲ್ರಿ, ಹೆದರಿಕಿ ಆತು.”

ನಿಂಗರಾಜ ಕಿಸೆಯಿಂದ ಹೊಸ ಬ್ಯಾಟರಿ ತೆಗೆದು ಅವಳ ಕೈಯಲ್ಲಿಟ್ಟ. ಹುಡುಗಿಯ ಮುಖ ಅರಳಿತು. ಒಂದು ದಿನವೂ ಓಡದೆ ಮೂಲೆಯಲ್ಲಿ ಕುಳಿತಿದ್ದ ಕಾರನ್ನು ಎತ್ತಿಕೊಂಡು ಬೀದಿಗೆ ಓಡಿದಳು.

ಮುಂದಿನ ಕಟ್ಟೆಗೆ ಚಹಾದ ಕಪ್ಪು ಹಿಡಿದು ಬಂದ ಅನ್ನಪೂರ್ಣಾಳಿಗೆ ಅವನು ತಲೆ ಎತ್ತದೆ ಹೇಳಿದ. “ಅಕ್ಕಾರ, ಅದು ಉಬ್ಬೇತಿ ಅಂತ ನನಗ ಗೊತ್ತಿತ್ರಿ. ಟೇಪ್ ಸುತ್ತಿದಾಂವ ನಾನ. ಆಕಿ ಕೇಳಿದಾಗ ಸುಳ್ಳ ಹೇಳಿದೆ.” ಹೇಳುತ್ತಲೇ ಕಿಸೆಗೆ ಕೈಹಾಕಿ ನೋಟು ತೆಗೆದ.

ಅವಳಿಗೇನೂ ಅಚ್ಚರಿಯಾದಂತೆ ಕಾಣಲಿಲ್ಲ. ಕಪ್ಪನ್ನು ಕಟ್ಟೆಯ ಮೇಲಿಟ್ಟು, ಸೆರಗಿಗೆ ಕೈ ಒರೆಸಿಕೊಂಡಳು. ಬೀದಿಯಲ್ಲಿ ಕಾರು ಕಿರ್ರೆಂದು ಧೂಳೆಬ್ಬಿಸುತ್ತಿತ್ತು. ಓಣಿಯ ಹುಡುಗಿಯರೆಲ್ಲ ಅದರ ಹಿಂದೆ ಬಿದ್ದಿದ್ದರು.

“ಆ ಟೇಪ್ ಹೊಸಾದಿತ್ರಿ. ಆಕಿ ಬಿಚ್ಚಿದಾಗನ ನನಗ ಗೊತ್ತಾತು,” ಎಂದಳು ಸಣ್ಣ ದನಿಯಲ್ಲಿ. “ರೊಕ್ಕ ಒಳಗ ಇಟ್ಕೋರಿ. ರೊಕ್ಕ ಯಾಕ ವಾಪಸ್ ಕೊಟ್ರು ಅಂತ ಆಕಿ ಕೇಳತಾಳ.”

“ನಾನ ಹೇಳತೇನ್ರಿ ಆಕೀಗೆ.”

“ಬ್ಯಾಡ್ರಿ. ಎಸೆಸೆಲ್ಸಿ ಮುಗಿಸಿ ನಿಮ್ಮ ಕೈಯಾಗ ಕಲೀಬೇಕಂತ ಮಾಡ್ಯಾಳ.”