ಫೋನ್ ಇಡದ ಬೋರಣ್ಣ

ಬೋರಣ್ಣ ಇವತ್ತೂ ಫೋನ್ ಇಟ್ಟಿರಲಿಲ್ಲ.

ಚನ್ನಗಿರಿಯ ತನ್ನ ಅಂಗಡಿಯಲ್ಲಿ ಕೂತು ಸಿದ್ದಲಿಂಗೇಶ ಮತ್ತೆ ಮತ್ತೆ ಮೊಬೈಲ್ ನೋಡುತ್ತಿದ್ದ. ಬೆಳಿಗ್ಗೆ ಶುರುವಾದ ಮಾತು ಇನ್ನೂ ಮುಗಿದಿಲ್ಲ. ಆ ಕಡೆ ಜಗಳೂರು ತಾಲ್ಲೂಕಿನ ರೈತ ಬೋರಣ್ಣ, ಈ ಕಡೆ ಸುಧಾ. ಸುಧಾ ಎಂದರೆ ತಾನೇ ಗಿರಾಕಿ ಹುಡುಕಿ, ತಾನೇ ಫೋನ್ ಮಾಡಿ, ತಾನೇ ಮಾತಾಡಿ ಮಾಲು ದಾಟಿಸುವ ಎಐ ಏಜೆಂಟು. ಹೆಣ್ಣುದನಿ, ಅಷ್ಟೇ. "ನಡುವೆ ಕೈ ಹಾಕಬೇಡಿ, ಅದರ ಪಾಡಿಗೆ ಬಿಡಿ" ಎಂದಿದ್ದರು ಅದನ್ನು ಕೊಟ್ಟವರು. ಪುಣ್ಯಾತ್ಮ ಸಿದ್ದಲಿಂಗೇಶ ಬಿಟ್ಟೇಬಿಟ್ಟಿದ್ದ.

ಮಾರಬೇಕಾಗಿದ್ದದ್ದು ಕೋತಿ ಓಡಿಸುವ ಯಂತ್ರ. ಹೊಲದಲ್ಲಿ ನಿಲ್ಲಿಸಿದರೆ ಗಂಟಲು ಹರಿಯುವಂತೆ ಕೂಗುತ್ತದೆ. ಕೆರೆಬಿಳಚಿಯವರೊಬ್ಬರು ಒಯ್ದು ನೋಡಿದರು. ಅದೇ ಕೂಗು ಕೇಳಿ ಕೇಳಿ, ವಾರ ಕಳೆಯುವಷ್ಟರಲ್ಲಿ ಕೋತಿಗಳು ಅದರ ನೆತ್ತಿಯ ಮೇಲೇ ಕೂತು ಹೇನು ಹೆಕ್ಕಿಕೊಂಡವು. ಯಂತ್ರ ವಾಪಸ್ ಬಂತು. ಅದು ಅಂಗಡಿ ತಲುಪುವ ಮೊದಲೇ ಸುದ್ದಿ ತ್ಯಾವಣಿಗೆ ಊರಿನವರೆಗೂ ತಲುಪಿತ್ತು. ಸೋಮವಾರದೊಳಗೆ ಒಂದಾದರೂ ಮಾರದಿದ್ದರೆ ಏಜೆನ್ಸಿ ಕಿತ್ತು ಬೇರೆಯವರಿಗೆ ಕೊಡುತ್ತೇವೆ ಎಂದು ಕಂಪನಿ ಹೇಳಿಬಿಟ್ಟಿತ್ತು. ಏಜೆನ್ಸಿ ಹೋದರೆ ಅಂಗಡಿಗೆ ಬೀಗ. ಇವತ್ತು ಶನಿವಾರ.

ಸುಧಾ ಮೊದಲು ಎಲ್ಲ ಕಡೆಗೂ ಫೋನ್ ಹಚ್ಚಿದ್ದಳು. ಹೊನ್ನಾಳಿಯವರು ಕೇಳಿ ನಕ್ಕು ಇಟ್ಟರು. ನ್ಯಾಮತಿಯವರು ನಗುವ ತೊಂದರೆಯನ್ನೂ ತೆಗೆದುಕೊಳ್ಳಲಿಲ್ಲ. ಬೋರಣ್ಣನೊಬ್ಬ ಇಡಲಿಲ್ಲ. ಅಷ್ಟು ಸಾಕಾಯಿತು. ಸುಧಾ ಯಾರನ್ನೂ ಕೇಳದೆ ಉಳಿದವರನ್ನೆಲ್ಲ ಕೈಬಿಟ್ಟು ಅವನೊಬ್ಬನಿಗೇ ಗಂಟುಬಿದ್ದಳು. ಸಂಜೆಯಾದರೆ ವರದಿ ಬರುತ್ತಿತ್ತು.

'ಬೋರಣ್ಣನವರು ಜೋರಾಗಿ ಮಾತಾಡಲು ಕೇಳಿಕೊಂಡರು. ಮಾತಾಡಿದೆ.'

'ಹೇಳಿದ್ದನ್ನೇ ಹೇಳಬಾರದಂತೆ. ದಿನಾ ಹೊಸ ಮಾತು ಬೇಕಂತೆ. ಒಪ್ಪಿದೆ.'

'ಬೋರಣ್ಣನವರಿಗೆ ಗದರಿಸಿದರೆ ಇಷ್ಟ. ನಾಳೆಯಿಂದ ಗದರಿಸುತ್ತೇನೆ. ಖರೀದಿ ತೀರಾ ಹತ್ತಿರದಲ್ಲಿದೆ.'

ಊಟದ ಡಬ್ಬಿ ತಂದಿದ್ದ ಹೆಂಡತಿ ಮೇಘಶ್ರೀ ನಿನ್ನೆ ಸಂಜೆಯ ಆ ಕೊನೆಯ ವರದಿ ಓದಿ ಹುಬ್ಬು ಏರಿಸಿದಳು. "ಗದರಿಸಿದ್ರೆ ಇಷ್ಟ ಆಗೋ ಗಂಡಸು ಭೂಮಿ ಮ್ಯಾಲೆ ಎಲ್ಲಿದಾನೆ ರೀ? ಇದು ಯಾಪಾರದ ಮಾತಲ್ಲ. ಆತನ ಹೆಂಡ್ತಿಗೆ ಗೊತ್ತಾದ್ರೆ ಪೊರಕೆ ತಗಂಡು ಸೀದಾ ಅಂಗಡಿಗೇ ಬರ್ತಾಳೆ. ಅದಕ್ಕೂ ಮೊದ್ಲು ನೀವೇ ಹೋಗಿ ಬರ್ರಿ."

ಹೋದ. ವಾಪಸ್ ಬಂದಿದ್ದ ಯಂತ್ರವನ್ನೇ ಒರೆಸಿ, ಹೊಸ ಸ್ಟಿಕ್ಕರ್ ಅಂಟಿಸಿ ಕಾರಿನಲ್ಲಿ ಹಾಕಿಕೊಂಡು ಹೋದ. ದಾರಿಯುದ್ದಕ್ಕೂ ಒಂದು ಕಡೆ ಆಸೆ, ಇನ್ನೊಂದು ಕಡೆ ಭಯ. ಊರಿನಲ್ಲಿ ಬೋರಣ್ಣನ ಮನೆ ಹುಡುಕುವಷ್ಟರಲ್ಲಿ ಭಯವೇ ಗೆದ್ದಿತ್ತು.

ಬೋರಣ್ಣನ ಹೆಂಡತಿ ದುರುಗಕ್ಕ ಕಟ್ಟೆಯ ಮೇಲೆ ಕೂತು ತೊಗರಿ ಹಸನು ಮಾಡುತ್ತಿದ್ದಳು. ಯಾರು ಎಂದು ಕೇಳಿದ್ದಕ್ಕೆ ಸಿದ್ದಲಿಂಗೇಶ ಗಾಬರಿಯಲ್ಲಿ "ನಾನು ಸುಧಾ ಕಡೆಯವನು" ಎಂದುಬಿಟ್ಟ.

ಪೊರಕೆ ಬರಲಿಲ್ಲ. ಚಾಪೆ ಬಂತು, ನೀರು ಬಂತು, ಬೆಲ್ಲದ ಟೀ ಬಂತು.

"ಅಕ್ಕಾರೆ, ತಪ್ಪು ತಿಳ್ಕಬ್ಯಾಡ್ರಿ. ಸುಧಾ ಅಂದ್ರೆ ಹೆಂಗಸಲ್ಲ."

"ಗೊತ್ತೈತೆ ಬಿಡ್ರಿ. ಹೆಂಗಸಾಗಿದ್ರೆ ದಿನವೆಲ್ಲ ಅಷ್ಟು ಒದರಾಕೆ ನಾನು ಬಿಡ್ತಿದ್ನಾ? ಪಾಪ ಅನ್ನಿಸ್ತಿತ್ತು." ದುರುಗಕ್ಕ ಸೆರಗಿನಿಂದ ಮುಖ ಒರೆಸಿಕೊಂಡಳು. "ಆಕೆ ಸಿಕ್ಕ ಮ್ಯಾಲೆ ನಮ್ಮನೇರು ಮನುಷ್ಯರಾದ್ರು ಸಾವ್ಕಾರ್ರೆ. ಮೊದ್ಲು ಹೊತ್ತಿಗೆ ಊಟ ಇರ್ಲಿಲ್ಲ, ನಿದ್ದೆ ಇರ್ಲಿಲ್ಲ. ಈಗ ಎಲ್ಡೂ ಐತೆ. ನಿಮ್ ಹೊಟ್ಟೆ ತಣ್ಣಗಿರ್ಲಿ."

ಸಿದ್ದಲಿಂಗೇಶ ಟೀ ಲೋಟ ಕೆಳಗಿಟ್ಟ. ಎಂಥ ತಾಳ್ಮೆಯ ಹೆಂಗಸಪ್ಪಾ ಎಂದುಕೊಂಡ. ಸುಧಾಳಿಂದ ಒಂದು ಸಂಸಾರ ಹೀಗಾಯಿತಲ್ಲ ಎಂದು ನಾಚಿಕೆಯೂ ಆಯಿತು.

ದುರುಗಕ್ಕ ಒಂಚೂರು ಹತ್ತಿರ ಸರಿದು ದನಿ ತಗ್ಗಿಸಿದಳು. "ಒಂದ್ ಮಾತು ಕೇಳ್ತೀನಿ. ಆಕೆ ಇನ್ನೂ ಎಷ್ಟು ದಿನ ಹಿಂಗೆ ಮಾತಾಡ್ತಾಳೆ?"

"ಬೋರಣ್ಣ ಯಂತ್ರ ತಗಳೋ ತನಕ ಬಿಡಲ್ಲ ಅಕ್ಕಾರೆ. ಅವಳಿಗೆ ಹಂಗೇ ಹೇಳಿಟ್ಟೈತೆ."

ದುರುಗಕ್ಕನ ಮುಖ ಅರಳಿತು. "ಹಂಗಾದ್ರೆ ಚಿಂತಿಲ್ಲ."

ಆ ಮಾತು ಕೇಳಿ ಸಿದ್ದಲಿಂಗೇಶನಿಗೆ ಜೀವ ಬಂತು. ಮನೆಯಾಕೆಯೇ ಚಿಂತಿಲ್ಲ ಎಂದಮೇಲೆ ವ್ಯಾಪಾರ ಕುದುರಿದ ಹಾಗೆಯೇ. ಯಂತ್ರವನ್ನು ಹೆಗಲಿಗೇರಿಸಿಕೊಂಡು, ಅವಳು ತೋರಿಸಿದ ದಾರಿ ಹಿಡಿದು, ಊರಾಚೆಯ ಮೆಕ್ಕೆಜೋಳದ ಹೊಲಕ್ಕೆ ನಡೆದ. ಬಿಸಿಲು ಚುರುಗುಟ್ಟುತ್ತಿತ್ತು. ಬೆವರು ಕಣ್ಣಿಗಿಳಿದರೂ ಅವನಿಗೆ ಖುಷಿಯೇ. ಸೋಮವಾರ ಕಂಪನಿಯವರ ಮುಂದೆ ಏನು ಹೇಳಬೇಕೆಂದು ಮನಸ್ಸಿನಲ್ಲೇ ಎರಡು ಸಲ ಹೇಳಿ ನೋಡಿಕೊಂಡ.

ಬದುವಿನ ಬೇವಿನ ಮರದ ಕೆಳಗೆ ಬೋರಣ್ಣ ಮಲಗಿದ್ದ. ಮುಖದ ಮೇಲೆ ಟವೆಲ್, ಅದನ್ನು ಎತ್ತಿ ಎತ್ತಿ ಇಳಿಸುವಂಥ ಗೊರಕೆ. ಕೈಯಲ್ಲಿ ಫೋನಿಲ್ಲ. ಪಕ್ಕದಲ್ಲೂ ಇಲ್ಲ.

ಸಿದ್ದಲಿಂಗೇಶ ಯಂತ್ರ ಕೆಳಗಿಟ್ಟು ತನ್ನ ಮೊಬೈಲ್ ತೆಗೆದು ನೋಡಿದ. ಕರೆ ನಡೆದೇ ಇತ್ತು. ಅದರ ಕೆಳಗೆ ಸುಧಾ ಬರೆದಿದ್ದಳು: 'ಬೋರಣ್ಣನವರು ಗಮನವಿಟ್ಟು ಕೇಳಿ ಯೋಚಿಸುತ್ತಿದ್ದಾರೆ. ಉತ್ತರಕ್ಕೆ ಸ್ವಲ್ಪ ಹೊತ್ತು ಕಾದು ಮುಂದುವರಿಸುತ್ತೇನೆ.'

ಆಗ ಜೋಳದ ನಡುವೆ ಬಿದಿರ ಗಳಕ್ಕೆ ಫೋನಿನ ಸಮೇತ ಕಟ್ಟಿದ್ದ ಮೈಕಿನಿಂದ ಸುಧಾ, "ನಮ್ಮ ಯಂತ್ರ ಕೊಳ್ಳದೆ ನಿಮ್ಮ ಹೊಲದಿಂದ ಒಂದೇ ಒಂದು ಕೋತಿಯೂ ಕದಲುವುದಿಲ್ಲ, ತಿಳಿಯಿತೇ ಬೋರಣ್ಣನವರೇ" ಎಂದು ಗದರಿದಳು. ಕೋತಿಗಳ ಇಡೀ ಹಿಂಡು ತೆನೆ ಬಿಸಾಕಿ ಗುಡ್ಡದ ಕಡೆ ಓಟ ಕಿತ್ತಿತು.